ಮೈ ನೆರೆದ ಮಾತ್ರಕ್ಕೆ ದೊಡ್ಡವಳೇ?

ಹೆಣ್ಣುಮಗಳು ಮೊದಲ ಬಾರಿಗೆ ಋತುಮತಿಯಾದುದನ್ನು ತಿಳಿಸಲು ಕನ್ನಡದಲ್ಲಿ ಹಲವು ಮಾತುಗಳಿವೆ. ‘ಮೈನೆರೆದಳು’ ಎಂಬುದು ಅವುಗಳಲ್ಲಿ ಹಳೆಯದು. ನೆರೆ ಎಂದರೆ ತುಂಬು, ಪೂರ್ಣವಾಗು. ಮೈ ತುಂಬಿತು ಎಂಬಷ್ಟೇ ಅದರ ಅರ್ಥ. ‘ದೊಡ್ಡವಳಾದಳು’ ಎಂಬುದು ಮನೆಮನೆಯಲ್ಲಿ ಕೇಳಿಬರುವ ಇನ್ನೊಂದು ಮಾತು. ಮೇಲುನೋಟಕ್ಕೆ ಎರಡೂ ಒಂದೇ. ಆದರೆ ಮೊದಲನೆಯದು ದೇಹಕ್ಕೆ ಸಂಬಂಧಿಸಿದ ಸಂಗತಿಯೊಂದನ್ನು ತಿಳಿಸಿ ಸುಮ್ಮನಾಗುತ್ತದೆ. ಎರಡನೆಯದು ಆ ಹುಡುಗಿಯ ವಿಷಯದಲ್ಲಿ ಹಿರಿಯರು ಕೊಟ್ಟ ತೀರ್ಪನ್ನೂ ಒಳಗೊಂಡಿದೆ. ಬೆಳಿಗ್ಗೆ ಮಗುವಾಗಿದ್ದವಳು ಸಂಜೆಗೆ ದೊಡ್ಡವಳು! ಹದಿನಾಲ್ಕು ಹದಿನೈದರ ಪ್ರಾಯದಲ್ಲಿ ಮೈನೆರೆಯುತ್ತಿದ್ದ ಕಾಲದಲ್ಲಿ ಈ ಎರಡು ಮಾತುಗಳ ನಡುವಣ ಅಂತರ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಒಂಬತ್ತು ಹತ್ತರ ಹುಡುಗಿಯರಲ್ಲಿಯೇ ದೇಹದ ಬದಲಾವಣೆ ಕಾಣತೊಡಗಿರುವ ಇಂದು ಆ ಅಂತರ ಎದ್ದು ತೋರುತ್ತಿದೆ. ಮೈ ನೆರೆಯುವ ಕಾಲ ಮುಂಚಿತವಾಗಿದೆ. ಬುದ್ಧಿ ಬಲಿಯುವ ಕಾಲ ಮುಂಚಿತವಾಗಿಲ್ಲ. ಈ ನಡುವಿನ ವರ್ಷಗಳ ಹೊಣೆ ಯಾರದು ಎಂಬುದು ವಿವೇಚನೆಗೆ ಅರ್ಹವಾದ ಪ್ರಶ್ನೆ.

ಕಾಲ ಮುಂಚಿತವಾಗಿದೆ ಎಂಬುದು ಅಜ್ಜಿಯರ ಉದ್ಗಾರ ಮಾತ್ರವಲ್ಲ, ಲೆಕ್ಕಕ್ಕೆ ಸಿಕ್ಕಿರುವ ಸಂಗತಿ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ನಾರ್ವೆ ಮೊದಲಾದ ಉತ್ತರ ಯುರೋಪಿನ ದೇಶಗಳಲ್ಲಿ ಹುಡುಗಿಯರು ಮೊದಲು ಮುಟ್ಟಾಗುತ್ತಿದ್ದುದು ಸುಮಾರು 16–17ರ ಪ್ರಾಯದಲ್ಲಿ ಎಂದು ಅಂದಿನ ದಾಖಲೆಗಳಿಂದ ತಿಳಿದುಬರುತ್ತದೆ. ಇಪ್ಪತ್ತನೆಯ ಶತಮಾನದ ಮೂರನೆಯ ಪಾದದ ಹೊತ್ತಿಗೆ ಅದು 13ರ ಆಸುಪಾಸಿಗೆ ಇಳಿಯಿತು. ಮಕ್ಕಳ ಬೆಳವಣಿಗೆಯ ಅಧ್ಯಯನಕ್ಕೆ ಶಾಸ್ತ್ರದ ರೂಪ ಕೊಟ್ಟ ಬ್ರಿಟನ್ನಿನ ಜೇಮ್ಸ್ ಟ್ಯಾನರ್ (1920–2010) ಈ ಇಳಿಕೆಯತ್ತ ಲೋಕದ ಗಮನ ಸೆಳೆದರು. ಹೊಟ್ಟೆ ತುಂಬ ಊಟ, ಅಂಟುರೋಗಗಳ ಇಳಿಮುಖ, ಮಕ್ಕಳ ದುಡಿಮೆಗೆ ಬಿದ್ದ ಕಡಿವಾಣ ಇವು ಅದರ ಮುಖ್ಯ ಕಾರಣಗಳು. ಆದ್ದರಿಂದ ಮೊದಲ ನೂರು ವರ್ಷಗಳ ಇಳಿಕೆಯನ್ನು ಅನಾಹುತವೆಂದು ಕರೆಯುವುದು ಸರಿಯಾಗದು. ಅದು ಬಡತನ ಕಳೆದುದರ ಗುರುತು.

ನಮ್ಮ ದೇಶದ ಹಳೆಯ ಗ್ರಂಥಗಳ ಸಾಕ್ಷ್ಯವೂ ಇದಕ್ಕೆ ಹೊಂದಿಕೊಳ್ಳುತ್ತದೆ. ಸುಶ್ರುತಸಂಹಿತೆ ಹೆಣ್ಣಿನ ಋತುಕಾಲವು ಹನ್ನೆರಡನೆಯ ವರ್ಷದಿಂದ ಐವತ್ತರವರೆಗೆ ಎಂದು ಲೆಕ್ಕ ಹಾಕುತ್ತದೆ. ಪ್ರಾಚೀನ ರೋಮಿನ ಕಾನೂನು ಕೂಡ ಹುಡುಗಿಯ ಪ್ರಾಯಕ್ಕೆ ಹನ್ನೆರಡನ್ನೇ ಗಡಿಯಾಗಿ ಇಟ್ಟಿತ್ತು. ಅಂದರೆ ಉಂಡು ಸುಖವಾಗಿದ್ದ ಮನೆಗಳಲ್ಲಿ ಹನ್ನೆರಡು ಹದಿಮೂರು ಎಂಬುದು ಹೊಸ ಸಂಖ್ಯೆಯೇನಲ್ಲ. ಆದರೆ ಸುಶ್ರುತಸಂಹಿತೆಯಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ. ಹದಿನಾರು ತುಂಬದ ಹುಡುಗಿ ಗರ್ಭ ಧರಿಸಿದರೆ ಆ ಗರ್ಭ ಉಳಿಯುವುದು ಕಷ್ಟ, ಹುಟ್ಟಿದ ಮಗುವೂ ದುರ್ಬಲವಾಗುತ್ತದೆ ಎಂದು ಅದೇ ಗ್ರಂಥ ಎಚ್ಚರಿಸುತ್ತದೆ. ಹನ್ನೆರಡಕ್ಕೂ ಹದಿನಾರಕ್ಕೂ ನಡುವೆ ನಾಲ್ಕು ವರ್ಷಗಳ ಅಂತರವನ್ನು ಆ ವೈದ್ಯರು ಬೇಕೆಂದೇ ಇಟ್ಟರು. ಋತುಮತಿಯಾದವಳು ಪೂರ್ಣ ಬೆಳೆದವಳಲ್ಲ ಎಂಬುದು ಅವರಿಗೆ ತಿಳಿದಿತ್ತು. ತಿಳಿದೂ ಮರೆತದ್ದು ಅನಂತರದ ಸಮಾಜ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದೀಚೆಗೆ ಕಾಣುತ್ತಿರುವ ಬದಲಾವಣೆಯ ಬಗೆಯೇ ಬೇರೆ. ಮುಟ್ಟು ಎಂಬುದು ಹರೆಯದ ಆರಂಭವಲ್ಲ. ಎದೆ ಮೂಡುವುದರಿಂದ ಆರಂಭವಾಗುವ ಪ್ರಕ್ರಿಯೆಯಲ್ಲಿ ಅದು ಕೊನೆಯ ಹಂತಕ್ಕೆ ಸಮೀಪದ ಘಟನೆ. ಈ ಆರಂಭವೇ ಈಗ ಬಹಳ ಮುಂಚಿತವಾಗಿದೆ. 1997ರಲ್ಲಿ ಅಮೆರಿಕದಲ್ಲಿ ಮಾರ್ಸಿಯಾ ಹರ್ಮನ್-ಗಿಡೆನ್ಸ್ ಮತ್ತು ಅವರ ಸಂಗಡಿಗರು 17,077 ಹುಡುಗಿಯರ ತಪಾಸಣೆಯ ಫಲಿತಾಂಶವನ್ನು ಪ್ರಕಟಿಸಿದಾಗ ವೈದ್ಯಲೋಕ ಬೆರಗಾಯಿತು. ಎದೆ ಮೂಡುವ ಸರಾಸರಿ ವಯಸ್ಸು ಬಿಳಿಯ ಹುಡುಗಿಯರಲ್ಲಿ ಹತ್ತರ ಹತ್ತಿರವೂ ಕರಿಯ ಹುಡುಗಿಯರಲ್ಲಿ ಒಂಬತ್ತರ ಒಳಗೂ ಇತ್ತು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ನಡೆದ ಅಧ್ಯಯನ ಇನ್ನೂ ಸ್ಪಷ್ಟ ಚಿತ್ರ ಕೊಡುತ್ತದೆ. ಅಲ್ಲಿ 1991ರ ಸುಮಾರಿಗೆ 10.88 ವರ್ಷಕ್ಕೆ ಆರಂಭವಾಗುತ್ತಿದ್ದ ದೇಹದ ಬದಲಾವಣೆ 2006ರ ಹೊತ್ತಿಗೆ 9.86 ವರ್ಷಕ್ಕೆ ಇಳಿದಿತ್ತು. ಆದರೆ ಮೊದಲ ಮುಟ್ಟಿನ ವಯಸ್ಸು ಇಳಿದದ್ದು 13.42ರಿಂದ 13.13ಕ್ಕೆ ಮಾತ್ರ. ಒಂದು ವರ್ಷ ಮೊದಲೇ ಆರಂಭವಾಗಿ ಮೂರೂವರೆ ತಿಂಗಳಷ್ಟೇ ಮೊದಲು ಮುಟ್ಟಿಗೆ ತಲುಪುವುದೆಂದರೆ ನಡುವಿನ ದಾರಿ ಉದ್ದವಾಯಿತೆಂದೇ ಅರ್ಥ. ಮಗುವೂ ಅಲ್ಲದ, ಹೆಂಗಸೂ ಅಲ್ಲದ ಆ ಸ್ಥಿತಿಯಲ್ಲಿ ಹುಡುಗಿ ಕಳೆಯುವ ಕಾಲ ಹೆಚ್ಚಿದೆ.

ಭಾರತದಲ್ಲಿ ಮೊದಲ ಮುಟ್ಟಿನ ವಯಸ್ಸು ಹತ್ತು ವರ್ಷಕ್ಕೆ ಸುಮಾರು ಒಂದು ತಿಂಗಳಿನಂತೆ ನಿಧಾನವಾಗಿ ಇಳಿದಿದೆ ಎಂದು 2014ರಲ್ಲಿ ಪ್ರಕಟವಾದ, ದೇಶವ್ಯಾಪಿ ಸಮೀಕ್ಷೆಯೊಂದನ್ನು ಆಧರಿಸಿದ ಅಧ್ಯಯನ ತಿಳಿಸಿತು. 1955–64ರಲ್ಲಿ ಹುಟ್ಟಿದವರಲ್ಲಿ ಸರಾಸರಿ 13.83 ವರ್ಷವಿದ್ದದ್ದು 1985–89ರಲ್ಲಿ ಹುಟ್ಟಿದವರಲ್ಲಿ 13.62. ಇದು ಇಡೀ ದೇಶದ ಸರಾಸರಿ. ಇದರಲ್ಲಿ ಅರೆಹೊಟ್ಟೆಯ ಹಳ್ಳಿಯೂ ಸೇರಿದೆ, ತುಂಬಿದ ಹೊಟ್ಟೆಯ ನಗರವೂ ಸೇರಿದೆ. ಆದ್ದರಿಂದ ಇಂದು ನಗರದ ಅನುಕೂಲಸ್ಥ ಮನೆಯಲ್ಲಿ ನಾಲ್ಕನೆಯ ತರಗತಿಯ ಹುಡುಗಿಯ ತಾಯಿಗೆ ಆ ಸರಾಸರಿಯಿಂದ ಯಾವ ಸಮಾಧಾನವೂ ದೊರೆಯದು.

ದೇಹ ತನ್ನ ಸಮಯವನ್ನು ಹೇಗೆ ನಿರ್ಣಯಿಸುತ್ತದೆ? ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಭಾಗ ಬಾಲ್ಯವಿಡೀ ಈ ವಿಷಯದಲ್ಲಿ ಮೌನವಾಗಿರುತ್ತದೆ. ಒಂದು ಹಂತದಲ್ಲಿ ಅದು ಪಿಟ್ಯೂಟರಿ ಗ್ರಂಥಿಗೆ ಸೂಚನೆ ಕಳಿಸತೊಡಗುತ್ತದೆ. ಅಲ್ಲಿಂದ ಹೊರಟ ಹಾರ್ಮೋನುಗಳು ಅಂಡಾಶಯವನ್ನು ಎಚ್ಚರಿಸುತ್ತವೆ. ಆ ಮೌನ ಮುರಿಯುವುದು ಯಾವಾಗ ಎಂಬುದು ಬಹುಮಟ್ಟಿಗೆ ವಂಶದಿಂದ ಬರುತ್ತದೆ. ತಾಯಿ ಬೇಗ ನೆರೆದಿದ್ದರೆ ಮಗಳೂ ಬೇಗ ನೆರೆಯುವ ಸಂಭವ ಹೆಚ್ಚು. ಆದರೆ ವಂಶವೊಂದೇ ಕಾರಣವಾಗಿದ್ದರೆ ನಾಲ್ಕೈದು ತಲೆಮಾರುಗಳಲ್ಲಿ ಇಷ್ಟು ಬದಲಾವಣೆ ಆಗುತ್ತಿರಲಿಲ್ಲ. 1970ರಲ್ಲಿ ಅಮೆರಿಕದ ರೋಸ್ ಫ್ರಿಶ್ ಮತ್ತು ರೋಜರ್ ರೆವೆಲ್ ಅವರು ಹುಡುಗಿಯ ತೂಕ ಒಂದು ಮಟ್ಟ ಮುಟ್ಟಿದಾಗ ಋತುಚಕ್ರ ಆರಂಭವಾಗುತ್ತದೆ ಎಂದು ವಾದಿಸಿದರು. ಆ ವಾದ ಅದೇ ರೂಪದಲ್ಲಿ ಉಳಿಯಲಿಲ್ಲವಾದರೂ ಅದರ ತಿರುಳು ಉಳಿಯಿತು. ದೇಹದ ಕೊಬ್ಬು ಉತ್ಪಾದಿಸುವ ಲೆಪ್ಟಿನ್ ಎಂಬ ಹಾರ್ಮೋನು 1994ರಲ್ಲಿ ಪತ್ತೆಯಾದ ಮೇಲೆ, ಒಡಲಲ್ಲಿ ಎಷ್ಟು ಸಂಗ್ರಹವಿದೆ ಎಂಬ ಸುದ್ದಿ ಮೆದುಳಿಗೆ ತಲುಪುವ ಮಾರ್ಗವೂ ತಿಳಿಯಿತು. ಉಗ್ರಾಣದಲ್ಲಿ ದವಸವಿದೆಯೇ ಎಂದು ನೋಡಿ ಮದುವೆ ನಿಶ್ಚಯಿಸುವ ಯಜಮಾನನಂತೆ ದೇಹವೂ ವರ್ತಿಸುತ್ತದೆ.

ಆ ಲೆಕ್ಕಾಚಾರವನ್ನು ಬಾಲ್ಯದ ಹಸಿವು ಹೇಗೆ ತಪ್ಪಿಸಬಲ್ಲದು ಎಂಬುದಕ್ಕೆ ಭಾರತದ ಹೆಣ್ಣುಮಕ್ಕಳೇ ಸಾಕ್ಷಿ. ಇಲ್ಲಿಂದ ದತ್ತು ಹೋಗಿ ಸ್ವೀಡನ್ನಿನಲ್ಲಿ ಬೆಳೆದ 107 ಹುಡುಗಿಯರನ್ನು ಅಲ್ಲಿನ ವೈದ್ಯರು ಪರಿಶೀಲಿಸಿ 1991ರಲ್ಲಿ ವರದಿ ಮಾಡಿದರು. ಅವರಲ್ಲಿ ಅರ್ಧದಷ್ಟು ಮಂದಿ 11.6 ವರ್ಷ ತುಂಬುವುದರೊಳಗೆ ಮುಟ್ಟಾಗಿದ್ದರು. ಸ್ವೀಡನ್ನಿನ ಹುಡುಗಿಯರಿಗಿಂತಲೂ ಭಾರತದ ಅನುಕೂಲಸ್ಥ ಮನೆಗಳ ಹುಡುಗಿಯರಿಗಿಂತಲೂ ಇದು ಬೇಗ. ಎಲ್ಲರಿಗಿಂತ ಮೊದಲು ಮುಟ್ಟಾದ ಮಗುವಿನ ವಯಸ್ಸು 7.3 ವರ್ಷ. ಸೊರಗಿ ಹೋದ ಕಂದಮ್ಮಗಳಿಗೆ ಹಠಾತ್ತಾಗಿ ಅನ್ನ, ಹಾಲು, ಆರೈಕೆ ದೊರೆತಾಗ ಅವು ಭರದಿಂದ ಬೆಳೆದವು. ಆ ಭರದಲ್ಲಿಯೇ ಹರೆಯವೂ ನುಗ್ಗಿಬಂತು. ದತ್ತು ಪಡೆದವರದು ನಿಜವಾದ ಪ್ರೀತಿ. ತಪ್ಪು ಅವರದಲ್ಲ, ಹಿಂದಿನ ಹಸಿವಿನದು. ಬಸಿರಿನಿಂದ ಎರಡು ವರ್ಷದವರೆಗಿನ ಪೋಷಣೆ ಹತ್ತು ವರ್ಷಗಳ ಅನಂತರವೂ ಲೆಕ್ಕ ಕೇಳುತ್ತದೆ ಎಂಬುದು ಇದರ ಪಾಠ.

ಸಮಾಜದ ಏರುಪೇರುಗಳು ಕೂಡ ಹುಡುಗಿಯರ ಒಡಲಿನಲ್ಲಿ ಗುರುತು ಬಿಡುತ್ತವೆ. 1944–45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಕ್ಷಾಮ ತಲೆದೋರಿದಾಗ ಅಲ್ಲಿನ ಹುಡುಗಿಯರ ಋತು ತಡವಾಯಿತು. ಯುಗೊಸ್ಲಾವಿಯಾ ಒಡೆದ ಕಾಲದ ಯುದ್ಧದಲ್ಲಿ ಶೆಲ್ ದಾಳಿಗೆ ಒಳಗಾದ ಕ್ರೊಯೇಷಿಯಾದ ಶಿಬೆನಿಕ್ ನಗರದಲ್ಲಿ 1985ರಲ್ಲಿ 12.87 ಇದ್ದ ಸರಾಸರಿ ವಯಸ್ಸು 1996ರಲ್ಲಿ 13.13ಕ್ಕೆ ಏರಿತ್ತು. ಮನೆಯವರನ್ನು ಕಳೆದುಕೊಂಡ ಹುಡುಗಿಯರಲ್ಲಿ ಅದು ಇನ್ನೂ ತಡ. ಆದರೆ ಹೊಟ್ಟೆಗೆ ಕೊರತೆಯಿಲ್ಲದೆ ಮನಸ್ಸಿಗೆ ಮಾತ್ರ ಕೊರತೆಯಾದಾಗ ಫಲ ವಿರುದ್ಧವಾಗಬಹುದು. ಸದಾ ಜಗಳದ ಮನೆ, ತಂದೆ ಬಿಟ್ಟುಹೋದ ಮನೆಗಳ ಹೆಣ್ಣುಮಕ್ಕಳು ತುಸು ಬೇಗ ಋತುಮತಿಯರಾಗುತ್ತಾರೆ ಎಂದು ನ್ಯೂಜಿಲೆಂಡ್, ಅಮೆರಿಕ ಮೊದಲಾದೆಡೆಯ ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಈ ಅಂತರ ಕೆಲವು ತಿಂಗಳುಗಳದ್ದಷ್ಟೇ. ಬೇಗ ನೆರೆದ ತಾಯಿಯ ವಂಶಗುಣವೂ ಅದರಲ್ಲಿ ಬೆರೆತಿರಬಹುದು. ಬೇಗ ನೆರೆದ ಹುಡುಗಿಯ ಮನೆಯನ್ನು ಶಂಕಿಸಲು ಇದು ಆಧಾರವಾಗಬಾರದು.

ಮೂರನೆಯ ಕಾರಣವೊಂದು ಅಹಿಂಸೆಯನ್ನು ಕುರಿತು ಯೋಚಿಸುವವರಿಗೆ ವಿಶೇಷವಾಗಿ ಕಾಡುವಂಥದು. 1973ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ದನಗಳ ಮೇವಿಗೆ ಸೇರಿಸಬೇಕಾದ ಲವಣಾಂಶದ ಬದಲು, ಬೆಂಕಿ ಹತ್ತದಂತೆ ತಡೆಯಲು ಪ್ಲಾಸ್ಟಿಕ್ಕಿಗೆ ಬೆರೆಸುವ ಪಿ.ಬಿ.ಬಿ. ಎಂಬ ರಾಸಾಯನಿಕದ ಚೀಲಗಳು ಮೇವಿನ ಕಾರ್ಖಾನೆಗೆ ಹೋಗಿ ಬೆರೆತುಹೋದವು. ದನಗಳು ತಿಂದವು, ನರಳಿದವು. ಸಾವಿರಾರು ದನಗಳನ್ನು ಕೊಂದು ಹೂಳಲಾಯಿತು. ಅಷ್ಟರೊಳಗೆ ಹಾಲು, ಮಾಂಸಗಳ ಮೂಲಕ ವಿಷವು ಬಸುರಿಯರ ಮೈ ಸೇರಿತ್ತು. ಅವರ ಬಸಿರಿನಲ್ಲಿದ್ದು, ಹುಟ್ಟಿದ ಮೇಲೆ ಮೊಲೆಹಾಲನ್ನೂ ಕುಡಿದ ಹೆಣ್ಣುಮಕ್ಕಳಲ್ಲಿ ಹೆಚ್ಚು ಪ್ರಮಾಣದ ವಿಷಕ್ಕೆ ಗುರಿಯಾದವರು ಸರಾಸರಿ 11.6 ವರ್ಷಕ್ಕೆ ಮುಟ್ಟಾದರು; ಉಳಿದವರಿಗಿಂತ ಅರ್ಧ ವರ್ಷದಿಂದ ಒಂದು ವರ್ಷ ಮೊದಲು. 2000ನೆಯ ಇಸವಿಯಲ್ಲಿ ಈ ಸಂಗತಿ ಪ್ರಕಟವಾಯಿತು. ಯಾರೂ ಯಾರನ್ನೂ ನೋಯಿಸಬೇಕೆಂದು ಬಯಸಿರಲಿಲ್ಲ. ಚೀಲವನ್ನು ನೋಡಿ ಎತ್ತಿಕೊಳ್ಳುವ ಎಚ್ಚರವೊಂದು ತಪ್ಪಿತು. ಹಿಂಸೆಯ ಬೇರು ದ್ವೇಷದಲ್ಲಿ ಮಾತ್ರವಲ್ಲ, ಪ್ರಮಾದದಲ್ಲಿಯೂ ಇದೆ ಎಂದು ಜೈನ ಆಚಾರ್ಯರು ಹೇಳಿದ್ದರ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ನಿದರ್ಶನ ಸಿಗಲಾರದು. ಪ್ಲಾಸ್ಟಿಕ್, ಕೀಟನಾಶಕ, ಸುಗಂಧ ಲೇಪನಗಳಲ್ಲಿರುವ, ಹಾರ್ಮೋನುಗಳಂತೆ ವರ್ತಿಸಬಲ್ಲ ಹಲವು ವಸ್ತುಗಳ ಮೇಲೆ ವಿಜ್ಞಾನಿಗಳ ಅನುಮಾನವಿದೆ. ಅವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬ ಲೆಕ್ಕ ಇನ್ನೂ ಮುಗಿದಿಲ್ಲ.

2020ರಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಅಕಾಲಿಕ ಹರೆಯದ ಹುಡುಗಿಯರ ಸಂಖ್ಯೆ ಏಕಾಏಕಿ ಹೆಚ್ಚಿದುದನ್ನು ಮೊದಲು ಇಟಲಿಯ ವೈದ್ಯರೂ ಅನಂತರ ಭಾರತವೂ ಸೇರಿ ಹಲವು ದೇಶಗಳ ವೈದ್ಯರೂ ವರದಿ ಮಾಡಿದರು. ಆಟವಿಲ್ಲದ, ಬಿಸಿಲಿಲ್ಲದ, ಮೊಬೈಲಿನ ಮುಂದೆ ಕುಳಿತೇ ಕಳೆದ ದಿನಗಳು, ಏರಿದ ತೂಕ, ಮನೆಯೊಳಗಿನ ಆತಂಕ. ಇವುಗಳಲ್ಲಿ ಯಾವುದು ಎಷ್ಟು ಕಾರಣವೆಂದು ಬೇರ್ಪಡಿಸಿ ಹೇಳುವುದು ಕಷ್ಟ. ಆದರೆ ಮಕ್ಕಳ ಓಡಾಟ ನಿಂತರೆ ಏನಾಗುತ್ತದೆ ಎಂಬುದನ್ನು ಆ ಎರಡು ವರ್ಷಗಳು ತೋರಿಸಿಕೊಟ್ಟವು.

ಸಸ್ಯಾಹಾರದ ಮನೆಗಳಲ್ಲಿ ಒಂದು ನೆಮ್ಮದಿಯ ಭಾವನೆ ಉಂಟು. ಬ್ರಿಟನ್ನಿನಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೂರು ಮತ್ತು ಏಳನೆಯ ವಯಸ್ಸಿನಲ್ಲಿ ಮಾಂಸವನ್ನು ಹೆಚ್ಚು ತಿನ್ನುತ್ತಿದ್ದ ಹುಡುಗಿಯರು ಬೇಗ ಋತುಮತಿಯರಾಗುವ ಸಂಭವ ಹೆಚ್ಚೆಂದು ತಿಳಿಸಿದ್ದುಂಟು. ಹಾಗೆಂದು ಸಸ್ಯಾಹಾರವೊಂದೇ ರಕ್ಷೆಯೆಂದು ಭಾವಿಸುವುದು ತಪ್ಪು. ಕರಿದ ತಿಂಡಿ, ಬೇಕರಿಯ ಸಿಹಿ, ಬಾಟಲಿಯ ತಂಪು ಪಾನೀಯ ಇವೂ ಸಸ್ಯಾಹಾರವೇ! ಮಿತಿ ತಪ್ಪಿದ ಊಟವೂ ನಿಂತುಹೋದ ಆಟವೂ ಒಟ್ಟಾದಲ್ಲಿ ಬೊಜ್ಜು ಬೆಳೆಯುತ್ತದೆ. ಹಿತವಾಗಿ, ಮಿತವಾಗಿ ಉಣ್ಣಬೇಕೆಂಬ ಹಿರಿಯರ ಮಾತು ಮಕ್ಕಳ ತಟ್ಟೆಗೂ ಅನ್ವಯಿಸುತ್ತದೆ.

ಕಾರಣಗಳ ಮಾತು ಇಷ್ಟಿರಲಿ. ಬದಲಾವಣೆ ಮನೆಯೊಳಗೆ ಬಂದಾಗ ಏನಾಗುತ್ತದೆ ಎಂಬುದು ಅದಕ್ಕಿಂತ ಹತ್ತಿರದ ಪ್ರಶ್ನೆ. ಹಾಸನದಲ್ಲಿಯೋ ಮೈಸೂರಿನಲ್ಲಿಯೋ ಇರಬಹುದಾದ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಅಜ್ಜಿ ಹದಿನೈದಕ್ಕೆ ನೆರೆದವರು, ತಾಯಿ ಹದಿಮೂರಕ್ಕೆ. ಮಗಳಿಗೆ ಒಂಬತ್ತೂವರೆ. ಸ್ನಾನ ಮಾಡಿಸುವಾಗ ತಾಯಿಗೆ ಬದಲಾವಣೆ ಕಾಣುತ್ತದೆ. ಎರಡು ದಿನ ಯಾರಿಗೂ ಹೇಳದೆ ಮೂರನೆಯ ದಿನ ಅತ್ತೆಗೆ ತಿಳಿಸುತ್ತಾಳೆ.

“ಇದೇನಮ್ಮ, ಮಗೂಗೆ ಇನ್ನೂ ಹಾಲುಹಲ್ಲು ಬಿದ್ದು ಮುಗಿದಿಲ್ಲವಲ್ಲ!” ಎನ್ನುತ್ತಾರೆ ಅಜ್ಜಿ. ಸ್ವಲ್ಪ ಹೊತ್ತಿನ ಅನಂತರ, “ಇನ್ನು ಮೇಲೆ ಹುಡುಗರ ಜೊತೆ ಬೀದಿಯಲ್ಲಿ ಆಡೋಕೆ ಬಿಡಬೇಡ. ಸೈಕಲ್ಲೂ ಸಾಕು” ಎನ್ನುತ್ತಾರೆ.

“ಅವಳಿಗೆ ಏನಂತ ಹೇಳಲಿ, ಅತ್ತೆ? ಏನು ತಪ್ಪು ಮಾಡಿದೆ ಅಂತ ಕೇಳಿದರೆ?”

ಅಜ್ಜಿಯ ಮೊದಲ ಮಾತಿನಲ್ಲಿ ಸತ್ಯವಿದೆ, ಎರಡನೆಯದರಲ್ಲಿ ಅಭ್ಯಾಸವಿದೆ. ಸೊಸೆಯ ಪ್ರಶ್ನೆಗೆ ಆ ಅಭ್ಯಾಸದಲ್ಲಿ ಉತ್ತರವಿಲ್ಲ. ಹಾಲುಹಲ್ಲಿನ ಮಗುವಿಗೆ ಹೆಂಗಸಿನ ನಿಯಮಗಳು ಜಾರಿಯಾಗುತ್ತವೆ. ಜೋರಾಗಿ ನಗಬೇಡ, ಕಾಲು ಚಾಚಿ ಕೂರಬೇಡ, ಮರ ಹತ್ತಬೇಡ. ತನ್ನ ಯಾವ ಕೃತ್ಯಕ್ಕೆ ಈ ದಂಡನೆ ಎಂದು ಆ ಮಗುವಿಗೆ ತಿಳಿಯದು. ಎಲ್ಲಕ್ಕಿಂತ ಹೆಚ್ಚಿನ ನೋವು ಬೇರೆಲ್ಲೋ ಇದೆ: ಸಂಜೆ ಬಂದೊಡನೆ ತಲೆ ಸವರಿ ಮಾತನಾಡಿಸುತ್ತಿದ್ದ ಅಪ್ಪ ಸಂಕೋಚದಿಂದ ದೂರ ಸರಿಯುತ್ತಾನೆ. ಅವನ ಮಟ್ಟಿಗೆ ಅದು ಮರ್ಯಾದೆ. ಮಗಳ ಮಟ್ಟಿಗೆ ಅದು ಪ್ರೀತಿಯ ನಷ್ಟ. ಆಟ ನಿಲ್ಲಿಸುವುದರಿಂದ ತೂಕ ಏರುತ್ತದೆ, ತೂಕ ಏರಿದಷ್ಟೂ ಮೈ ಬೇಗ ನೆರೆಯಬಹುದು ಎಂಬ ವಿಪರ್ಯಾಸವೂ ಇದರಲ್ಲಿ ಅಡಗಿದೆ.

ಬೇಗ ನೆರೆದ ಹುಡುಗಿಯರು ಮುಂದೆ ದಾರಿ ತಪ್ಪುತ್ತಾರೆಂಬ ಭಯ ಈ ನಿಯಮಗಳ ಹಿಂದಿದೆ. ಆ ಭಯವನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಸ್ವೀಡನ್ನಿನ ಹೊಕಾನ್ ಸ್ಟಾಟಿನ್ ಮತ್ತು ಡೇವಿಡ್ ಮ್ಯಾಗ್ನುಸನ್ ಎಂಬ ಮನಶ್ಶಾಸ್ತ್ರಜ್ಞರು ಒಂದೇ ಊರಿನ ಹುಡುಗಿಯರನ್ನು ಬಹುಕಾಲ ಹಿಂಬಾಲಿಸಿ 1990ರಲ್ಲಿ ಗ್ರಂಥ ಪ್ರಕಟಿಸಿದರು. ಬೇಗ ನೆರೆದವರಲ್ಲಿ ಶಾಲೆ ತಪ್ಪಿಸುವುದು, ಕುಡಿಯುವುದು ಹೆಚ್ಚಾಗಿದ್ದುದು ನಿಜ. ಆದರೆ ತಮಗಿಂತ ದೊಡ್ಡ ವಯಸ್ಸಿನವರ ಗೆಳೆತನಕ್ಕೆ ಬಿದ್ದವರಲ್ಲಿ ಮಾತ್ರ. ಓರಗೆಯವರೊಡನೆ ಉಳಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನ್ಯೂಜಿಲೆಂಡಿನ ಡುನೆಡಿನ್ ನಗರದ ಅಧ್ಯಯನವೂ (1993) ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳಿತು. ಬೇಗ ನೆರೆದ ಹುಡುಗಿಯರಲ್ಲಿ ನಡತೆಯ ತೊಂದರೆಗಳು ಹೆಚ್ಚಾಗಿ ಕಂಡದ್ದು ಗಂಡು ಹೆಣ್ಣು ಕೂಡಿ ಓದುವ ಶಾಲೆಗಳಲ್ಲಿ. ಹೆಣ್ಣುಮಕ್ಕಳ ಶಾಲೆಗಳಲ್ಲಿ ಅಲ್ಲ. ಹುಡುಗಿಯರನ್ನು ಪ್ರತ್ಯೇಕಿಸಬೇಕು ಎಂಬುದು ಇದರ ತಾತ್ಪರ್ಯವಲ್ಲ. ಮೈ ಒಂದೇ ಬಗೆಯಾಗಿದ್ದರೂ ಸುತ್ತಲಿನವರು ಅದನ್ನು ನಡೆಸಿಕೊಳ್ಳುವ ರೀತಿಯಿಂದ ಫಲ ಬೇರೆಯಾಗುತ್ತದೆ ಎಂಬುದು ತಾತ್ಪರ್ಯ. ಕೇಡು ಹಾರ್ಮೋನಿನಲ್ಲಿಲ್ಲ, ಹನ್ನೊಂದರವಳನ್ನು ಹದಿನಾರರವಳೆಂದು ಬಗೆಯುವ ಕಣ್ಣಿನಲ್ಲಿದೆ.

ಈ ಕಣ್ಣಿನ ಕಥೆಗೆ ನಮ್ಮ ದೇಶದಲ್ಲಿ ದೀರ್ಘ ಇತಿಹಾಸವಿದೆ. ಋತುವಿಗೆ ಮುನ್ನವೇ ಮದುವೆ ಮಾಡಬೇಕೆಂಬ ಕಟ್ಟಳೆಯಿದ್ದ ಜಾತಿಗಳಲ್ಲಿ ಮೈನೆರೆಯುವ ದಿನ ತಂದೆತಾಯಿಯರ ಪಾಲಿಗೆ ಗಡುವಾಗಿತ್ತು. ಬಂಗಾಳದ ಫೂಲ್‌ಮೊನಿ ಎಂಬ ಬಾಲವಧು ಗಂಡನ ಬಲಾತ್ಕಾರದಿಂದ ಸತ್ತ ಪ್ರಕರಣ ದೇಶವನ್ನು ಕಲಕಿದ ಮೇಲೆ 1891ರ ಕಾಯಿದೆ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತು. ಮೈಸೂರು ಸಂಸ್ಥಾನ 1894ರ ಕಾನೂನಿನ ಮೂಲಕ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನೂ ಐವತ್ತು ದಾಟಿದ ಗಂಡಸರು ಹದಿನಾಲ್ಕರೊಳಗಿನ ಹುಡುಗಿಯರನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಎಂಟು ವರ್ಷವೆಂಬ ಗಡಿಯನ್ನು ಹಾಕಲು ಒಂದು ಕಾನೂನು ಬೇಕಾಗಿತ್ತು ಎಂಬುದೇ ಅಂದಿನ ಸ್ಥಿತಿಯನ್ನು ಹೇಳುತ್ತದೆ. 1929ರ ಶಾರದಾ ಕಾಯಿದೆ ಮದುವೆಯ ವಯಸ್ಸನ್ನು ಹದಿನಾಲ್ಕಕ್ಕೆ ನಿಲ್ಲಿಸಿತು. 1949ರಲ್ಲಿ ಅದು ಹದಿನೈದಾಯಿತು, 1978ರಲ್ಲಿ ಹದಿನೆಂಟಾಯಿತು. 2012ರ ಪೋಕ್ಸೋ ಕಾಯಿದೆ ಹದಿನೆಂಟು ತುಂಬದ ಎಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿತು. ಕಾನೂನಿನ ಸಂಖ್ಯೆ ಹೀಗೆ ಮೇಲೇರುತ್ತ ಬಂದಿತು; ದೇಹದ ಸಂಖ್ಯೆ ಕೆಳಗಿಳಿಯುತ್ತ ಬಂದಿತು. ಮುತ್ತಜ್ಜಿಯ ಬಾಳಿನಲ್ಲಿ ಮದುವೆಯ ಅನಂತರ ಬಂದ ಋತು ಮರಿಮಗಳ ಬಾಳಿನಲ್ಲಿ ಮದುವೆಗೆ ಹತ್ತು ಹದಿನೈದು ವರ್ಷ ಮೊದಲೇ ಬರುತ್ತಿದೆ. ಹಳೆಯ ಆಚಾರಗಳು ಈ ಹದಿನೈದು ವರ್ಷಗಳನ್ನು ಕಂಡೇ ಇರಲಿಲ್ಲ. ಆದ್ದರಿಂದ ಅವುಗಳಲ್ಲಿ ಈ ಕಾಲಕ್ಕೆ ಬೇಕಾದ ವಿಧಿಯನ್ನು ಹುಡುಕುವುದು ವ್ಯರ್ಥ.

ಕಾನೂನು ಏರಿತೆಂದು ಕಣ್ಣು ತಿದ್ದಿಕೊಂಡಿತೆನ್ನಲಾಗದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 20ರಿಂದ 24 ವರ್ಷದ ಮಹಿಳೆಯರ ಪೈಕಿ ಹದಿನೆಂಟಕ್ಕೆ ಮುನ್ನವೇ ಮದುವೆಯಾದವರು ದೇಶದಲ್ಲಿ ಶೇಕಡಾ 23.3, ಕರ್ನಾಟಕದಲ್ಲಿ ಶೇಕಡಾ 21.3. ಐವರಲ್ಲಿ ಒಬ್ಬಳಿಗಿಂತ ಹೆಚ್ಚು! ಈ ಮನೆಗಳಲ್ಲಿ ‘ದೊಡ್ಡವಳಾದಳು’ ಎಂಬ ಮಾತೇ ಮದುವೆಯ ಮೊದಲ ಪ್ರಸ್ತಾಪ. ಬಡತನ, ಶಾಲೆಯ ದೂರ, ಹಿರಿಯರ ಭಯ ಇವೆಲ್ಲ ಅದಕ್ಕೆ ಬಂದು ಸೇರುತ್ತವೆ.

ಹಳೆಯ ಮೈಸೂರು ಸೀಮೆಯ ಒಸಗೆಯ ಶಾಸ್ತ್ರದಲ್ಲಿ ಅಕ್ಕರೆಯ ಅಂಶಗಳೂ ಇವೆ. ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುವುದು, ಮುತ್ತೈದೆಯರು ಆರತಿ ಎತ್ತುವುದು, ಚಿಗಳಿ, ತಂಬಿಟ್ಟು, ಕೊಬ್ಬರಿ ಬೆಲ್ಲ ತಿನ್ನಿಸುವುದು ಇವು ಹುಡುಗಿಯ ಮೈಗೆ ಪುಷ್ಟಿಯನ್ನೂ ಮನಸ್ಸಿಗೆ ಧೈರ್ಯವನ್ನೂ ಕೊಡಲೆಂದು ಬಂದವು. ಆದರೆ ಮದುವೆಗೆ ಸಿದ್ಧಳಾದ ಹೆಣ್ಣು ಮನೆಯಲ್ಲಿದ್ದಾಳೆ ಎಂದು ಊರಿಗೆ ಸಾರುವುದೂ ಅದರ ಉದ್ದೇಶವಾಗಿತ್ತು. ಹತ್ತು ವರ್ಷದ ಮಗುವಿಗೆ ರೇಷ್ಮೆ ಸೀರೆ ಉಡಿಸಿ, ಶಾಮಿಯಾನ ಹಾಕಿ, ನೂರಾರು ಜನರ ಮುಂದೆ ಕೂರಿಸಿ ಛಾಯಾಚಿತ್ರ ತೆಗೆಯಿಸುವವರು ಆ ಸಾರುವಿಕೆಯ ಅರ್ಥವನ್ನು ಒಮ್ಮೆ ಯೋಚಿಸಬೇಕು. ಅಕ್ಕರೆಯನ್ನು ಉಳಿಸಿಕೊಂಡು ಡಂಗುರವನ್ನು ಬಿಡಲು ಯಾವ ಶಾಸ್ತ್ರವೂ ಅಡ್ಡಿಯಿಲ್ಲ.

ಮುಟ್ಟಿನ ದಿನಗಳಲ್ಲಿ ಬಸದಿಗೆ ಹೋಗದಿರುವುದು, ಅಡುಗೆಮನೆಯಿಂದ ದೂರವಿರುವುದು ಹಲವು ಮನೆಗಳಲ್ಲಿ ಇಂದಿಗೂ ನಡೆದು ಬಂದಿದೆ. ಅದನ್ನು ವಿರಾಮವೆಂದು ಭಾವಿಸುವ ಹೆಂಗಸರೂ ಇದ್ದಾರೆ, ಅವಮಾನವೆಂದು ಭಾವಿಸುವವರೂ ಇದ್ದಾರೆ. ದೊಡ್ಡವರು ತಮ್ಮ ಮಟ್ಟಿಗೆ ಅದನ್ನು ವಿಚಾರ ಮಾಡಿ ಒಪ್ಪಬಹುದು, ಬಿಡಬಹುದು. ಹತ್ತು ವರ್ಷದ ಮಗುವಿಗೆ ಆ ವಿಚಾರಶಕ್ತಿ ಇರದು. ‘ಮುಟ್ಟಬೇಡ’ ಎಂಬ ಮಾತನ್ನು ಅದು ‘ನೀನು ಹೊಲಸು’ ಎಂದೇ ಕೇಳಿಸಿಕೊಳ್ಳುತ್ತದೆ. ಶರೀರದ ಸಹಜ ಧರ್ಮವನ್ನು ಆತ್ಮದ ಮಲಿನತೆಯೆಂದು ಮಗುವೊಂದು ನಂಬುವಂತೆ ಮಾಡುವುದು, ಶರೀರ ಬೇರೆ ಆತ್ಮ ಬೇರೆ ಎಂದು ಬೋಧಿಸುವ ಧರ್ಮಕ್ಕೆ ಶೋಭಿಸುವ ನಡೆಯಲ್ಲ.

ಮಾಡಬೇಕಾದುದೇನು? ಮೊದಲನೆಯದು, ತಿಳಿವಳಿಕೆ. ಎಂಟು ತುಂಬುವ ಮೊದಲೇ ಎದೆ ಮೂಡಿದರೆ, ಹತ್ತಕ್ಕೆ ಮುನ್ನವೇ ಮುಟ್ಟಾದರೆ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎಡಗೈಯ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ಅಳೆಯುವುದು, ರಕ್ತಪರೀಕ್ಷೆ ಮಾಡುವುದು ರೂಢಿ. ಬೇಗ ನೆರೆದ ಹುಡುಗಿ ಮೊದಲು ಎಲ್ಲರಿಗಿಂತ ಎತ್ತರ ಕಂಡರೂ ಮೂಳೆಯ ತುದಿಗಳು ಬೇಗ ಕೂಡಿಕೊಂಡು ಕೊನೆಗೆ ಗಿಡ್ಡಳಾಗಿ ಉಳಿಯಬಹುದು. ಕೆಲವರಿಗೆ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಕೊಡುವ ಚುಚ್ಚುಮದ್ದಿನಿಂದ ಈ ಪ್ರಕ್ರಿಯೆಯನ್ನು ತಡೆದು ನಿಲ್ಲಿಸಲು ಸಾಧ್ಯ. ಮೆದುಳಿನಲ್ಲಿ ಗಡ್ಡೆಯಂಥ ಕಾರಣವಿರುವುದು ಅಪರೂಪ; ಆದರೂ ಅದನ್ನು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಹುಪಾಲು ಹುಡುಗಿಯರಿಗೆ ಔಷಧ ಬೇಕಾಗುವುದಿಲ್ಲ, ಧೈರ್ಯ ಬೇಕಾಗುತ್ತದೆ. ನಾಚಿಕೆಯಿಂದ ಮುಚ್ಚಿಡುವುದೇ ಇಲ್ಲಿ ದೊಡ್ಡ ಅಪಾಯ.

ಎರಡನೆಯದು, ಮಾತು. ಹದಿಮೂರಕ್ಕೆ ಹೇಳಿದರಾಯಿತು ಎಂದು ತಾಯಂದಿರು ಕಾಯುವ ಕಾಲ ಇದಲ್ಲ. ಎಂಟು ಒಂಬತ್ತರ ಮಗುವಿಗೆ ಅರ್ಥವಾಗುವಷ್ಟು ಸರಳವಾಗಿ, ಮುಂದೇನಾಗುತ್ತದೆ, ರಕ್ತ ಕಂಡರೆ ಹೆದರಬೇಕಿಲ್ಲ, ಯಾರಾದರೂ ಅನುಚಿತವಾಗಿ ಮುಟ್ಟಿದರೆ ಯಾರಿಗೆ ಹೇಳಬೇಕು ಎಂಬುದನ್ನು ತಿಳಿಸಬೇಕು. ಶಾಲೆಗಳಲ್ಲಿ ಹತ್ತನೆಯ ತರಗತಿಯ ಹುಡುಗಿಯರಿಗೆ ಕೊಡುವ ಸೌಕರ್ಯ, ಸಲಹೆಗಳು ನಾಲ್ಕನೆಯ ತರಗತಿಗೂ ಇಳಿಯಬೇಕು. ಬಾಗಿಲಿಗೆ ಚಿಲಕವಿರುವ, ನೀರಿರುವ ಶೌಚಾಲಯ ಪ್ರಾಥಮಿಕ ಶಾಲೆಗೂ ಅಷ್ಟೇ ಅಗತ್ಯ.

ಮೂರನೆಯದು ಸಂಯಮ. ಸಂಯಮದ ಉಪದೇಶ ಹರೆಯದ ಸಂದರ್ಭದಲ್ಲಿ ಯಾವಾಗಲೂ ಹುಡುಗಿಗೇ ನಡೆಯುತ್ತದೆ. ಆಕೆಯ ಉಡುಗೆ, ನಡಿಗೆ, ನಗೆ ಎಲ್ಲದರ ಮೇಲೂ ಕಾವಲು. ಒಂಬತ್ತು ವರ್ಷದ ಮಗು ಯಾವ ವಿಕಾರವನ್ನು ಗೆಲ್ಲಬೇಕಾಗಿದೆ? ಅದರ ಮನಸ್ಸಿನಲ್ಲಿರುವುದು ಕುಂಟೆಬಿಲ್ಲೆಯ ಆಟ, ನಾಳೆಯ ಮಗ್ಗಿ. ಸಂಯಮ ಬೇಕಾಗಿರುವುದು ನೋಡುವವರಿಗೆ. ಶ್ರಾವಕನಿಗೆ ಹೇಳಿರುವ ಬ್ರಹ್ಮಚರ್ಯದ ಅಣುವ್ರತ ದೃಷ್ಟಿಯನ್ನೂ ಮಾತನ್ನೂ ಒಳಗೊಂಡಿದೆ. ನೆಂಟರ ನಡುವೆ ಹುಡುಗಿಯ ಮೈಯನ್ನು ಕುರಿತು ಆಡುವ ಹಗುರ ಮಾತು, ‘ಇನ್ನೇನು ಗಂಡು ಹುಡುಕಬೇಕು’ ಎಂಬ ಹಾಸ್ಯ, ಬೀದಿಯಲ್ಲಿ ಬೆನ್ನಟ್ಟುವ ನೋಟ ಇವು ಆ ವ್ರತದ ಭಂಗವೇ ಸರಿ. ಆಕೆಯ ಸುತ್ತ ಗೋಡೆ ಕಟ್ಟುವುದು ಸುಲಭ. ತಮ್ಮ ಕಣ್ಣಿಗೆ ರೆಪ್ಪೆಯನ್ನು ಬಳಸುವುದು ಕಷ್ಟ. ಧರ್ಮ ಕಷ್ಟದ್ದನ್ನೇ ಕೇಳುತ್ತದೆ.

ಪಂಪನು ಕನ್ನಡಕ್ಕೆ ತಂದ ಆದಿಪುರಾಣದ ಕಥೆಯಲ್ಲಿ ಋಷಭದೇವನಿಗೆ ಬ್ರಾಹ್ಮಿ, ಸೌಂದರಿ ಎಂಬ ಇಬ್ಬರು ಹೆಣ್ಣುಮಕ್ಕಳು. ಬೆಳೆಯುತ್ತಿದ್ದ ಆ ಮಕ್ಕಳನ್ನು ತಂದೆ ದೂರ ಸರಿಸಲಿಲ್ಲ. ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಗಣಿತವನ್ನೂ ತಾನೇ ಕಲಿಸಿದನು. ಲೋಕಕ್ಕೆ ಲಿಪಿಯೂ ಲೆಕ್ಕವೂ ಬಂದದ್ದು ಬೆಳೆಯುತ್ತಿರುವ ಹೆಣ್ಣುಮಕ್ಕಳ ಮೂಲಕ ಎಂದು ಆ ಪರಂಪರೆ ನಂಬುತ್ತದೆ. ಮೈ ನೆರೆಯುವ ಕಾಲ ಮನುಷ್ಯರ ಆಜ್ಞೆಗೆ ಪೂರ್ತಿಯಾಗಿ ಒಳಪಟ್ಟಿಲ್ಲ. ಊಟ, ಆಟ, ನೆಮ್ಮದಿ, ಶುದ್ಧ ನೀರು ಗಾಳಿಗಳಿಂದ ಅದನ್ನು ತುಸು ಕಾಯಬಹುದು, ಅಷ್ಟೆ. ಆದರೆ ದೊಡ್ಡವಳಾಗಲು ಬೇಕಾದ ವರ್ಷಗಳನ್ನು ಹುಡುಗಿಗೆ ಬಿಟ್ಟುಕೊಡುವುದು ಸಂಪೂರ್ಣವಾಗಿ ಮನುಷ್ಯರ ಕೈಯಲ್ಲಿಯೇ ಇದೆ. ಮೈ ಬೇಗ ತುಂಬಿದ ಮಗುವಿಗೆ ಹಿರಿಯರು ಕೊಡಬಹುದಾದ ದೊಡ್ಡ ಉಡುಗೊರೆಯೆಂದರೆ, ಇನ್ನೂ ಕೆಲವು ವರ್ಷ ಮಗುವಾಗಿಯೇ ಇರುವ ಅವಕಾಶ.